ಅಲಸಂಡೆಗೆ ಬೆಲ್ಲದ ನೀರು

ಗಣೇಶಪ್ರಸಾದನಿಗೆ ತೋಟದ ಕೆಲಸವೆಲ್ಲ ಒಗ್ಗಿತ್ತು, ಮೀನೊಂದನ್ನು ಬಿಟ್ಟು. ಸಗಣಿಯಲ್ಲಿ ಮೊಣಕೈವರೆಗೆ ಕೈ ಇಳಿಸಲು ಹಿಂದೆಮುಂದೆ ನೋಡದ ಮಹಾಶಯ, ಮೂಲೆಯ ಡ್ರಮ್ಮಿನ ಮುಚ್ಚಳ ತೆರೆದರೆ ಸಾಕು, ಬಾವಿಕಟ್ಟೆಯ ಕಡೆ ಓಡುತ್ತಿದ್ದ. ಅದರಲ್ಲಿದ್ದುದು ಬೂತಾಯಿ ಮೀನು ಮತ್ತು ಬೆಲ್ಲ. ಎರಡನ್ನೂ ಬೆರೆಸಿ ಕೊಳೆಯಿಸಿ, ಸೋಸಿ, ನೀರು ಕೂಡಿಸಿ ಗಿಡಗಳಿಗೆ ಸಿಂಪಡಿಸುವುದು ಸುಶೀಲಕ್ಕನ ತೋಟದ ಪದ್ಧತಿ. ಕಾಸರಗೋಡಿನ ಪುರೋಹಿತರ ಮನೆಯಲ್ಲಿ ಹುಟ್ಟಿದವನಿಗೆ ಅದರ ವಾಸನೆಯೇ ಆಗುತ್ತಿರಲಿಲ್ಲ.

ಸುಶೀಲಕ್ಕನೂ ಕಾಸರಗೋಡಿನವರೇ. ಕಾಕ್ಕನಾಡಿನ ಕಲೆಕ್ಟರೇಟಿನಿಂದ ನಿವೃತ್ತರಾದ ಮೇಲೆ ಅದೇ ಊರಲ್ಲಿ ಹೊಸ ಫ್ಲ್ಯಾಟುಗಳ ಹಿಂದೆ ಉಳಿದುಕೊಂಡಿದ್ದ ತಮ್ಮ ಜಾಗದಲ್ಲಿ ರಾಸಾಯನಿಕ ಮುಟ್ಟದೆ ತರಕಾರಿ ಬೆಳೆಯುತ್ತಿದ್ದರು. ವಕೀಲರೊಬ್ಬರ ಆಫೀಸಿನ ಗುಮಾಸ್ತಿಕೆ ಬಿಟ್ಟು ಗಣೇಶಪ್ರಸಾದ ಅವರಲ್ಲಿ ಕೆಲಸ ಕಲಿಯಲು ನಿಂತಿದ್ದ. ಹೆಂಡತಿ ಚೈತನ್ಯಾ ತಿರುವನಂತಪುರದಲ್ಲಿ, ಕೋರ್ಟಿನಲ್ಲಿ ಅನುವಾದಕಿ. ಸುಶೀಲಕ್ಕನಿಗೆ ಆ ಊರಲ್ಲೂ ಒಂದು ತೋಟವಿತ್ತು. ಒಂದು ಸಾಲು ಅಲಸಂಡೆಯನ್ನು ಯಾರ ಸಹಾಯವೂ ಇಲ್ಲದೆ ಬೆಳೆದು ತೋರಿಸಿದರೆ ಅದರ ಉಸ್ತುವಾರಿ ಅವನಿಗೆ ಎಂದು ಮಾತಾಗಿತ್ತು. ಅಲ್ಲಿನ ಚಾಲೈ ಮಾರುಕಟ್ಟೆಯಲ್ಲಿ ಬಾಡಿದ ತರಕಾರಿ ಆರಿಸುತ್ತ ಚೈತನ್ಯಾ ಆ ದಿನಕ್ಕಾಗಿ ಕಾಯುತ್ತಿದ್ದಳು. ಅವನೂ ಕಾಯುತ್ತಿದ್ದ. ಒಂಟಿ ಕೋಣೆಯಲ್ಲಿ ತಾನೇ ಬೇಯಿಸಿ ತಾನೇ ಉಣ್ಣುವುದು ಸಾಕುಸಾಕಾಗಿತ್ತು.

ಅಲಸಂಡೆ ಬಳ್ಳಿ ಹಬ್ಬಿ ಹೂ ಬಿಡುವ ಹೊತ್ತಿಗೆ ಡ್ರಮ್ಮಿನ ಸರದಿ ಬಂತು. ಅವನು ಅದರ ಹತ್ತಿರ ಹೋದ, ನಿಂತ, ವಾಪಸು ಬಂದ. ಕೊನೆಗೆ ಅಡುಗೆಮನೆಯಿಂದ ಒಂದಚ್ಚು ಬೆಲ್ಲ ತಂದು ನೀರಲ್ಲಿ ಕರಗಿಸಿ ಸಿಂಪಡಿಸುವ ಪಂಪಿಗೆ ಸುರಿದುಕೊಂಡು ಬಳ್ಳಿಗಳಿಗೆ ಹೊಡೆದ. ಡ್ರಮ್ಮಿನಲ್ಲಿರುವುದೂ ಅರ್ಧ ಬೆಲ್ಲವೇ ತಾನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಗುಮಾಸ್ತಿಕೆ ಬಿಟ್ಟರೂ ವಾದ ಹೂಡುವ ಚಾಳಿ ಬಿಟ್ಟಿರಲಿಲ್ಲ.

ವಾರ ಕಳೆಯುವುದರೊಳಗೆ ಇರುವೆಗಳು ಬಂದವು. ಅವುಗಳ ಬೆನ್ನಿಗೇ ಗಿಡದ ರಸ ಹೀರುವ ಕಪ್ಪು ಹೇನು ಬಂದು ಎಳೆಕಾಯಿಗಳನ್ನೆಲ್ಲ ಮುತ್ತಿಕೊಂಡಿತು. ಪಕ್ಕದ ಸಾಲುಗಳು ಮಾತ್ರ ನಳನಳಿಸುತ್ತಿದ್ದವು.

ಸುಶೀಲಕ್ಕ ಬಂದು ಒಂದು ಕಾಯಿಯನ್ನು ಕಿತ್ತು ತಿರುಗಿಸಿ ನೋಡಿದರು.

"ಡ್ರಮ್ಮಿದ್ದು ಹೊಡೆದಿದ್ದೀಯಲ್ಲ?"

"ಹೌದು ಸುಶೀಲಕ್ಕ."

"ಹಾಗಾದ್ರೆ ನಿನ್ನ ತಪ್ಪೆಂತದೂ ಇಲ್ಲ. ಹೇನು ಎಲ್ಲರಿಗೂ ಬರ್ತದೆ. ಚಪ್ಪರ ಚೆಂದ ಕಟ್ಟಿದ್ದಿ, ಬುಡಕ್ಕೆ ಮಣ್ಣೂ ಸರಿ ಕೊಟ್ಟಿದ್ದಿ. ಇಕೊ, ತಗೊ."

ಸೊಂಟದ ಗೊಂಚಲಿನಿಂದ ಬಿಡಿಸಿ ಅವನ ಅಂಗೈಯಲ್ಲಿಟ್ಟದ್ದು ತಿರುವನಂತಪುರದ ಗೇಟಿನ ಕೀಲಿಕೈ. ಅವನಿಗೆ ಕುಣಿಯಬೇಕೆನಿಸಿತು. ಬದುಕಿದೆ ಎಂದುಕೊಂಡು ಕೀಲಿಕೈಯನ್ನು ಜೇಬಿಗಿಳಿಸಿದ. ಅಷ್ಟರಲ್ಲಿ ಸುಶೀಲಕ್ಕ ಸೀರೆಯ ಸೆರಗು ಸಿಕ್ಕಿಸಿಕೊಂಡು ಡ್ರಮ್ಮಿನತ್ತ ನಡೆದಿದ್ದರು.

"ಎಂತ ಮಾಡ್ತೀರಿ?"

"ಇದನ್ನು ಹೊಡೆದ ಮೇಲೂ ಹೀಗಾದ್ರೆ ಇದೇ ಕೆಟ್ಟಿದೆ. ಬೇರೆ ಸಾಲಿಗೆ ಹೊಡೆದದ್ದು ಮುಂಚಿನ ಡ್ರಮ್ಮಿನದ್ದು, ಅದು ಮುಗಿಯಿತು. ಪಾಲಾರಿವಟ್ಟಂ ಮಾರ್ಕೆಟಿನಲ್ಲಿ ನಾನೇ ಆರಿಸಿ ತಂದ ಮೀನು, ನನ್ನ ಕೈಯಲ್ಲೇ ಬೆರೆಸಿದ್ದು. ಎಲ್ಲಿ ತಪ್ಪಿದೆನೋ. ವಯಸ್ಸಾಯಿತು, ಲೆಕ್ಕ ತಪ್ಪುತ್ತದೆ ಕಾಣ್ತದೆ. ಹಿಡಿ ಒಂದು ಕೈ, ಚೆಲ್ಲಿಬಿಡುವ."

ಅವನು ಹೋಗಿ ಹಿಡಿದ. ಡ್ರಮ್ಮು ವಾಲಿತು. ಜೇನಿನ ಬಣ್ಣದ ರಸ ಅಂಚಿಗೆ ಬಂತು. ಮುದುಕಿಯ ಮುಖದಲ್ಲಿ ಸಿಟ್ಟಿರಲಿಲ್ಲ. ತನ್ನ ಕೈಯ ಮೇಲೆ ತನಗೇ ನಂಬಿಕೆ ಹೋದ ಪೆಚ್ಚು ಕಳೆ ಇತ್ತು. ಅದನ್ನು ನೋಡಲಾಗಲಿಲ್ಲ ಅವನಿಗೆ.

"ಚೆಲ್ಲಬೇಡಿ ಸುಶೀಲಕ್ಕ. ಇದು ಸರಿಯಾಗಿಯೇ ಉಂಟು. ನಾನು ಇದನ್ನು ಮುಟ್ಟಲೇ ಇಲ್ಲ. ಬರೀ ಬೆಲ್ಲದ ನೀರು ಹೊಡೆದದ್ದು."

ಸುಶೀಲಕ್ಕ ಡ್ರಮ್ಮನ್ನು ನೆಟ್ಟಗೆ ನಿಲ್ಲಿಸಿದರು. ಇರುವೆಯ ಸಾಲನ್ನೊಮ್ಮೆ, ಅವನನ್ನೊಮ್ಮೆ ನೋಡಿ ಬಾವಿಕಟ್ಟೆಗೆ ಹೋಗಿ ಕೈ ತೊಳೆದು ಬಂದರು.

"ಮೀನು ಮುಟ್ಟಲಿಕ್ಕೆ ಆಗುದಿಲ್ಲ ಅಂತ ಒಂದು ಮಾತು ಹೇಳ್ಬಹುದಿತ್ತಲ್ಲ. ಅದರ ಬದಲು ಕಡಲೆಹಿಂಡಿ ಕೊಡ್ತಿದ್ದೆ. ನಾನೂ ಮೊದಮೊದಲು ಅದನ್ನೇ ಹಾಕುತ್ತಿದ್ದದ್ದು. ನಾನೇನು ಮೀನು ತಿನ್ನುವ ಮನೆಯವಳಾ?"

ಅವನು ಡ್ರಮ್ಮಿನ ಮುಚ್ಚಳ ಎತ್ತಿ ಹಾಕಿದ.

"ತಿರುವನಂತಪುರಕ್ಕೆ ನಾನು ದಿನಾ ಬರ್ಲಿಕ್ಕೆ ಆಗ್ತದಾ? ನೀನು ಫೋನಿನಲ್ಲಿ ಹೇಳಿದ್ದನ್ನೇ ನಂಬಬೇಕು. ಬೀಜ ಇನ್ನೂ ಉಂಟು, ಇನ್ನೊಂದು ಸಾಲು ಹಾಕು. ಆಮೇಲೆ ನೋಡುವ." ಅವರು ಕೈ ಚಾಚಿದರು.

ಸಂಜೆ ಚೈತನ್ಯಾ ಫೋನು ಮಾಡಿದಳು. ಹಿಂದೆ ಬಸ್ಸುಗಳ ಗಲಾಟೆ ಕೇಳಿಸುತ್ತಿತ್ತು.

"ಕೀಲಿಕೈ ಕೊಟ್ರಾ?"

"ಕೊಟ್ಟಿದ್ರು," ಎಂದ ಗಣೇಶಪ್ರಸಾದ. "ನಾನು ವಾಪಸು ಕೊಟ್ಟೆ."