ಬೆರಳಿನ ಅಳತೆ

“ಏ ಪೂನಮಿ, ಕೈಗೇನ ಲಕ್ವಾ ಹೊಡದದೇನ? ನೋಡಿಲ್ಲಿ, ಇವೇನ ರೊಟ್ಟಿ ಅವನೋ, ಎಮ್ಮಿ ತುಳದ ಸಗಣಿ ಅವನೋ!”

ಕಸ್ತೂರಬಾಯಿ ದಪ್ಪಗಾಗಿದ್ದ ರೊಟ್ಟಿಯನ್ನೆತ್ತಿ ಪೂನಮಳ ಮಡಿಲಿಗೆ ಎಸೆದಳು. ವಿಜಾಪುರ ರಸ್ತೆಯ ಆ ತಗಡಿನ ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕೂತು ಕಡಕ್ ರೊಟ್ಟಿ ಬಡಿಯುತ್ತಿದ್ದರು. ನಾಳೆ ನಾಗರಪಂಚಮಿ, ಯಾರ ಮನೆಯಲ್ಲೂ ತವಾ ಒಲೆಗೇರುವುದಿಲ್ಲ. ಹಾಗಾಗಿ ಇಂದು ಓಣಿಗೆ ಓಣಿಯೇ ಕಸ್ತೂರಬಾಯಿಯ ರೊಟ್ಟಿಗೆ ಕಾದಿತ್ತು.

ಪೂನಮ ಎಡಗೈಯಲ್ಲಿ ಬಡಿಯುತ್ತಿದ್ದಳು. ಬಲಗೈ ಓಢಣಿಯ ಮರೆಯಲ್ಲಿತ್ತು.

“ತವಾ ತಾಗೇದ್ರಿ ಬಾಯಾರ,” ಮಗಳು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಅವ್ವ ದ್ರೌಪದಿ ಹೇಳಿದಳು.

“ಹಾಂ, ತವಾನ. ಯಾರ ಕೇಳಿದ್ರೂ ಹಂಗ ಹೇಳ್ರಿ.”

ತವಾ ಅಲ್ಲವೆಂಬುದು ಮೂವರಿಗೂ ಗೊತ್ತಿತ್ತು. ಕಸ್ತೂರಬಾಯಿಯ ಮಗ ಅಮೋಲ ಹನ್ನೆರಡನೇ ಇಯತ್ತೆ ಓದುತ್ತಿದ್ದ. ಹತ್ತನೇ ಇಯತ್ತೆಗೆ ಸಾಲಿ ಬಿಟ್ಟ ಪೂನಮಳನ್ನು ಯಾರೂ ಇಲ್ಲದಾಗ ‘ರಾಣಿ’ ಎನ್ನುತ್ತಿದ್ದ. ಮೊನ್ನೆ ಗಾಡಿ ಮೇಲೆ ಅಕ್ಕಲಕೋಟಕ್ಕೆ ಕರೆದುಕೊಂಡು ಹೋಗಿದ್ದ. ಅಲ್ಲಿ ಬಸ್‌ಸ್ಟ್ಯಾಂಡಿನಲ್ಲಿ, ಹಿಂದೆ ಮೈಂದರ್ಗಿಯ ಸಾಲಿಯಲ್ಲಿ ಅವಳ ಜೊತೆ ಓದಿದ ಸೂರಜ ಸಿಕ್ಕು, “ಹೆಂಗ ಅದಿ ಪೂನಮ?” ಎಂದ. ಅವಳು ನಕ್ಕಳು. ಆಗಿದ್ದು ಇಷ್ಟೇ.

ಅಮೋಲ ಅವಳನ್ನು ಬಸ್ಸಿನ ಹಿಂದಕ್ಕೆ ಎಳೆದೊಯ್ದು ಮಣಿಕಟ್ಟು ತಿರುವಿದ್ದ. “ಕಂಡಕಂಡ ಭಾಡ್ಯಾಗ ಹಲ್ಲ ತೋರಸ್ತೀಯೇನ? ನನ್ನ ಇಜ್ಜತ್ ಏನ ಉಳೀತು?” ಅವಳ ಮೊಬೈಲನ್ನು ನೆಲಕ್ಕೆ ಅಪ್ಪಳಿಸಿದ್ದ. ವಾಪಸು ಬರುವಾಗ ಗಾಡಿ ನಿಲ್ಲಿಸಿ ಅತ್ತಿದ್ದ. ಐಸ್‌ಕ್ರೀಂ ಕೊಡಿಸಿದ್ದ. “ನಿನ್ನ ಮ್ಯಾಲ ಜೀವ ಅದ, ಅದಕ್ಕ ತಲಿ ತಿರಗತದ.”

ಪೂನಮ ನಂಬಿದ್ದಳು. ಯಾಕೆ ನಂಬಬಾರದು? ಅಜ್ಜಿ ಹೇಳುತ್ತಿದ್ದ ಕಥೆಯ ರಾಜಕುಮಾರನೂ ಹಾಗೇ ತಾನೇ? ಯಾರ ಕಣ್ಣೂ ಬೀಳಬಾರದೆಂದು ರಾಣಿಯನ್ನು ಗಂಧದ ಪೆಟ್ಟಿಗೆಯಲ್ಲಿಟ್ಟು, ಬೀಗ ಜಡಿದು, ಹೋದಲ್ಲೆಲ್ಲ ಹೊತ್ತುಕೊಂಡು ತಿರುಗಿದ್ದ. “ಆಕಿ ಒಳಗ ಉಸರ ಹೆಂಗ ಬಿಡತಿದ್ದಳು ಆಯಿ?” ಎಂದು ಪುಟ್ಟ ಪೂನಮ ಕೇಳಿದರೆ ಮುದುಕಿ ತಲೆ ಮೊಟಕುತ್ತಿದ್ದಳು. “ಏ ಹುಚ್ಚಿ, ಕಥಿಯೊಳಗ ಉಸರ ಕೇಳಬಾರದು.”

ಮಣಿಕಟ್ಟು ನೀಲಿಗಟ್ಟಿ ಬಾತಾಗ ಪೂನಮ ಅವ್ವನನ್ನು ಕೇಳಿದ್ದಳು. “ಜೀವ ಇದ್ದವರು ಹಿಂಗ ಮಾಡತಾರೇನವ್ವಾ?”

ದ್ರೌಪದಿ ಅರಿಶಿನ ಹಚ್ಚುತ್ತ ಹೇಳಿದ್ದಳು: “ನಿಮ್ಮಪ್ಪ ಬಡದಾಗ ನಾನೂ ಹಂಗ ತಿಳಕೊಂಡಿದ್ದೆ. ಬಾಯಿ ಮುಚ್ಚು. ಇರೂ ಖೋಲಿ ಅವರದು, ತಿನ್ನೂ ಕೂಳ ಅವರದು.”

ಅಷ್ಟರಲ್ಲಿ ಶೆಡ್ಡಿಗೆ ಬಳೆಗಾರ ಕಲ್ಲಣ್ಣ ಪೆಟ್ಟಿಗೆ ಹೊತ್ತು ಬಂದ. ಪಂಚಮಿಗೆ ಕೆಲಸದ ಹೆಂಗಸರಿಗೆಲ್ಲ ಕಸ್ತೂರಬಾಯಿ ಹಸಿರು ಬಳೆ ಇಡಿಸುವುದು ವಾಡಿಕೆ.

“ಮೊದಲ ಈ ಹುಡುಗೀಗಿ ಇಡು. ಗಿರಾಕಿ ಬರೂ ಹೊತ್ತು. ಮಣಿಕಟ್ಟ ಕಾಣಬಾರದು, ಹಂಗ ತುಂಬು.” ಆಮೇಲೆ ಕಸ್ತೂರಬಾಯಿ ಪೂನಮಳ ಕಿವಿಯ ಹತ್ತಿರ ಬಗ್ಗಿದಳು. “ಗಂಡಸರ ಕೈ ಅಂದ್ರ ಹಂಗ. ಅಮೋಲನ ಅಪ್ಪ, ನಮ್ಮ ಶೇಟ, ನನಗ ಬಡೀಲಿಲ್ಲೇನ? ನಾ ಸಂಸಾರ ಮಾಡ್ಲಿಲ್ಲೇನ? ಮತ್ತ ನೀ ಏನ ನಮ್ಮ ಮನಿ ಸೊಸಿ ಆಗಾಕಿ ಅಂತ ಕನಸ ಕಾಣಬ್ಯಾಡ.”

ಬಾಗಿಲಲ್ಲಿ ಗಾಡಿಯ ಕೀಲಿ ತಿರುಗಿಸುತ್ತ ನಿಂತಿದ್ದ ಅಮೋಲ ಕೂಗಿದ, “ಕಾಕಾ, ಸಣ್ಣ ಅಳತೀವ ಇಡ್ರಿ. ಆಕಿಗಿ ತೆಗೀಲಾಕ ಬರಬಾರದು.”

ಹೆಂಗಸರು ಕಿಸಕ್ಕನೆ ನಕ್ಕರು. “ಅಬಾಬಾ, ಎಷ್ಟ ಜೀವ ನೋಡ ಹುಡುಗಂದು!”

ಕಲ್ಲಣ್ಣ ಅವಳ ಬಲಗೈ ಹಿಡಿದು ಮಡಚಿದ. “ಯವ್ವಾ!” ಎಂದು ಪೂನಮ ಚೀರಿದಳು. ಅವನು ಮಣಿಕಟ್ಟು ನೋಡಿದ, ಕಸ್ತೂರಬಾಯಿಯ ಮುಖ ನೋಡಿದ. “ಸಾಬಾಣ ತರ್ರಿ,” ಎಂದ. ನೊರೆಯಲ್ಲಿ ಜಾರಿಸುತ್ತ, ಒತ್ತುತ್ತ, ಒಂದರ ಹಿಂದೊಂದು ಏರಿಸಿದ. ಪೂನಮಳ ಕಣ್ಣಲ್ಲಿ ನೀರು ದಳದಳ.

“ಹೂಂ, ಈಗ ನೋಡು, ಖರೇನ ರಾಣಿ ಕೈ ಆತು!” ಎಂದ ಕಲ್ಲಣ್ಣ.

ಉಳಿದವರಿಗೆ ಕೆಲಸ ಮುಗಿದ ಮೇಲೆಂದು ಪೆಟ್ಟಿಗೆಯ ಮುಚ್ಚಳ ಹಾಕಿದ. ಟಪ್ಪೆಂದಿತು. ಆ ಸದ್ದಿಗೆ ಪೂನಮಳ ಉಸಿರು ಎದೆಯಲ್ಲೇ ನಿಂತಿತು.

“ಆತಿಲ್ಲ? ಬಡೀಲಾಕ ಕುಂದ್ರು. ಬಳಿ ಮ್ಯಾಲ ಸರಸು,” ಎಂದಳು ಕಸ್ತೂರಬಾಯಿ.

ಅದು ಶೆಡ್ಡಿನ ಮೊದಲ ನಿಯಮ. ಬಳೆಯನ್ನು ಮೊಳಕೈವರೆಗೆ ಸರಿಸದೆ ಯಾರೂ ಹಿಟ್ಟು ಮುಟ್ಟುವಂತಿಲ್ಲ. ರೊಟ್ಟಿಯಲ್ಲಿ ಗಾಜಿನ ಚೂರು ಸಿಕ್ಕರೆ ಧಂದೆ ಮುಳುಗಿತು. ಪೂನಮ ಸರಿಸಿ ನೋಡಿದಳು. ಬಾತ ಕೈಯಲ್ಲಿ ಬಳೆ ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ.

“ಏರವಲ್ವು ಬಾಯಾರ.”

“ನಾಟಕ ಹಚ್ಚೀಯೇನ ರಂಡಿ ಮಗಳ? ಸರಸು!”

“ಪೂನಮ, ಸರಸವ್ವ,” ಎಂದಳು ದ್ರೌಪದಿ.

ಪೂನಮ ಅವ್ವನನ್ನು ನೋಡಿದಳು. ನಾದಿಟ್ಟ ಹಿಟ್ಟು ಗುಡ್ಡದಂತೆ ತುಂಬಿದ್ದ ದೊಡ್ಡ ಪರಾತವನ್ನು ನೋಡಿದಳು. ಬಲಗೈ ಎತ್ತಿ ಅದರ ಅಂಚಿಗೆ ಅಪ್ಪಳಿಸಿದಳು. ಹಸಿರು ಚೂರುಗಳು ಹಿಟ್ಟಿನ ತುಂಬ ಸಿಡಿದವು. ಇನ್ನೊಮ್ಮೆ. ಮತ್ತೊಮ್ಮೆ. ಬಿಳಿ ಹಿಟ್ಟಿನ ಮೇಲೆ ರಕ್ತ ತೊಟ್ಟಿಕ್ಕಿತು.

“ಅಯ್ಯಯ್ಯ! ಹಿಟ್ಟೆಲ್ಲಾ ಹಾಳಾತಲ್ಲೋ!” ಕಸ್ತೂರಬಾಯಿ ಬಾಯಿ ಬಡಿದುಕೊಂಡಳು.

ಪೂನಮ ಎದ್ದು ನಿಂತಳು. ಮಣಿಕಟ್ಟಿನ ಮೇಲೆ ನಾಲ್ಕು ನೀಲಿ ಗೆರೆ, ಮಗ್ಗುಲಿಗೆ ಹೆಬ್ಬೆರಳಿನ ಗುರುತು, ಈಗ ಎಲ್ಲರಿಗೂ ಕಂಡವು. ಕೈಯನ್ನು ಬಾಗಿಲ ಕಡೆ ಚಾಚಿದಳು.

“ಬಳಿ ಅಳತಿ ನೀನ ಹೇಳ್ದಿ ಅಲ್ಲೋ ಅಮೋಲ? ಬಾ, ಇವುಗಳ ಮ್ಯಾಲ ನಿನ್ನ ಬೆರಳ ಇಡು. ಎಲ್ಲಾರೂ ನೋಡ್ಲಿ, ಅಳತಿ ಕೂಡತದೇನ ಅಂತ.”

“ಹುಚ್ಚ ಹಿಡದದ ಇದಕ್ಕ,” ಎಂದ ಅಮೋಲ. ಕೀಲಿ ತಿರುಗಿಸುತ್ತಿದ್ದ ಕೈ ಪ್ಯಾಂಟಿನ ಕಿಸೆ ಸೇರಿತು.

“ತೆಗೀ ಕೈ.”

“ಇವತ್ತ ಖೋಲಿ ಖಾಲಿ ಮಾಡ್ರಿ! ತಾಯಿ ಮಗಳು ಇಬ್ಬರೂ ತೊಲಗ್ರಿ!” ಕಸ್ತೂರಬಾಯಿ ಕಿರಿಚಿದಳು.

ದ್ರೌಪದಿ ಬಡಿಯುವುದನ್ನು ನಿಲ್ಲಿಸಿದಳು. ಅವಳ ಪಕ್ಕದವಳೂ ನಿಲ್ಲಿಸಿದಳು. ಸಾಲಿನ ಕೊನೆಯವರೆಗೂ ಬಡಿತ ಒಂದೊಂದೇ ನಿಂತಿತು. ಎಲ್ಲರ ಕಣ್ಣೂ ಆ ಕಿಸೆಯ ಮೇಲೆ.

ಕೈ ಹೊರಗೆ ಬರಲಿಲ್ಲ. ಪೂನಮಳ ಕೈ ಕೆಳಗಿಳಿಯಲಿಲ್ಲ. ತವಾಗಳ ಮೇಲೆ ರೊಟ್ಟಿಗಳು ಹೊತ್ತಿ ಕರಿ ಹೊಗೆ ಏಳುತ್ತಿತ್ತು. ಯಾರೂ ಹೊರಳಿಸಲಿಲ್ಲ.