ಹಲ್ಲುನೋವಿನ ಮಂತ್ರಕ್ಕೆ ಮೂರನೆಯ ಷರತ್ತು

ನ್ಯೂಫೌಂಡ್‌ಲೆಂಡ್ ದ್ವೀಪದ ದಕ್ಷಿಣ ಕರಾವಳಿಯ ಗ್ಯಾನೆಟ್ ಕವ್ ಎಂಬ ಊರಿನಿಂದ ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕೆಂದರೆ ಗುರುವಾರದ ಹಡಗೇ ಗತಿ. ಹಲ್ಲುನೋವಿಗೆ ಈ ವೇಳಾಪಟ್ಟಿಯನ್ನು ಯಾರೂ ತಿಳಿಸಿದಂತಿಲ್ಲ. ಮೀನುಗಾರ ಚೆಸ್ಲಿಗೆ ಅದು ಸೋಮವಾರ ಬೆಳಿಗ್ಗೆಯೇ ಶುರುವಾಯಿತು.

ಅದೂ ಮೇ ತಿಂಗಳಲ್ಲಿ. ಸಿಗಡಿಯ ದೊಡ್ಡಣ್ಣನಂಥ ಲಾಬ್‌ಸ್ಟರ್ ಹಿಡಿಯಲು ಸಿಗುವುದು ವರ್ಷದಲ್ಲಿ ಎರಡೇ ತಿಂಗಳು. ಆ ಎರಡು ತಿಂಗಳಲ್ಲಿ ಊರಿನವರು ಸಾಯುವುದನ್ನೂ ಮುಂದಕ್ಕೆ ಹಾಕುತ್ತಾರೆ, ಹಲ್ಲು ಯಾವ ಲೆಕ್ಕ! ಚೆಸ್ಲಿ ತನಗೆ ತಿಳಿದ ವೈದ್ಯವನ್ನೆಲ್ಲ ಮಾಡಿದ. ಆಸ್ಪಿರಿನ್ ಗುಳಿಗೆಯನ್ನು ಒಸಡಿನ ಸಂದಿಗೆ ತುರುಕಿದ. ಉಣ್ಣೆಯ ಕಾಲುಚೀಲಕ್ಕೆ ಬಿಸಿ ಉಪ್ಪು ತುಂಬಿ ಕೆನ್ನೆಗೆ ಕಟ್ಟಿಕೊಂಡ. ರಮ್ಮಿನಿಂದ ಬಾಯಿ ಮುಕ್ಕಳಿಸಿದ. ಉಗುಳಿದ್ದನ್ನು ಮಾತ್ರ ಯಾರೂ ನೋಡಲಿಲ್ಲ. ಮಂಗಳವಾರದ ಹೊತ್ತಿಗೆ ಒಸಡು ಸುಟ್ಟು ಬಿಳಿಚಿಕೊಂಡು, ಹಲ್ಲಿನ ಜೊತೆಗೆ ಅದೂ ಅಳತೊಡಗಿತ್ತು.

ಹೆಂಡತಿ ಮೆಲ್ವೀನಾ ಊರಿನ ನರ್ಸ್ ಬರ್ನಿಸ್‌ಳನ್ನು ಕರೆತಂದಳು.

"ಬಾಯಿ ತೆಗಿ. ಅಯ್ಯೋ ಪುಣ್ಯಾತ್ಮ! ಆಸ್ಪಿರಿನ್ ಮಾಡಿರೋದು ನುಂಗೋದಕ್ಕೆ. ಒಸಡಿನ ಮೇಲಿಟ್ರೆ ಸುಟ್ಟು ಹಾಕುತ್ತೆ."

"ಅಪ್ಪ ಇಡ್ತಿದ್ದ."

"ನಿಮ್ಮಪ್ಪಂಗೆ ಎಷ್ಟು ಹಲ್ಲಿತ್ತು?"

ಚೆಸ್ಲಿ ಯೋಚಿಸಿದ. "ಕಡೇಗೆ ಒಂದು."

ಬರ್ನಿಸ್ ಕಾಲುಚೀಲವನ್ನು ಬಿಚ್ಚಿ ಪಕ್ಕಕ್ಕಿಟ್ಟಳು. "ಬಿಸಿ ಕಟ್ಬೇಡ, ಊತ ಜಾಸ್ತಿಯಾಗಬಹುದು. ಐಸನ್ನ ಬಟ್ಟೇಲಿ ಸುತ್ತಿ ಕೆನ್ನೆ ಮೇಲೆ ಹೊರಗಡೆಯಿಂದ ಕಾಲುಗಂಟೆ ಇಟ್ಕೋ. ಮೆಲ್ವೀನಾ, ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಕೊಡು. ಇವನು ಮುಕ್ಕಳಿಸಿ ಉಗೀಲಿ. ಆಮೇಲೆ ಹಲ್ಲು ಸಂದಿಯಲ್ಲಿ ದಾರ ಆಡಿಸಿ, ಸಿಕ್ಕಿರೋ ಊಟ ತೆಗೀಲಿ. ಹೊಟ್ಟೆ ಹುಣ್ಣು, ಕಿಡ್ನಿ ತೊಂದ್ರೆ ಏನಾದ್ರೂ ಇದ್ಯಾ? ರಕ್ತ ತೆಳು ಮಾಡೋ ಮಾತ್ರೆ?"

"ಏನೂ ಇಲ್ಲ."

"ಹಾಗಾದ್ರೆ ಈ ನೋವಿನ ಮಾತ್ರೆ, ಊಟ ಆದ್ಮೇಲೆ. ಡಬ್ಬಿ ಮೇಲೆ ಬರೆದಷ್ಟೇ. ನೋವು ಜಾಸ್ತಿ ಅಂತ ಮಾತ್ರೆ ಜಾಸ್ತಿ ಮಾಡ್ಬೇಡ. ಹತ್ತಿಗೆ ಒಂದು ತೊಟ್ಟು ಲವಂಗದೆಣ್ಣೆ ಹಾಕಿ ಆ ಹಲ್ಲಿಗೆ ಮಾತ್ರ ಮುಟ್ಟಿಸು. ನುಂಗ್ಬೇಡ, ಮಕ್ಕಳಿಗೆ ಹಾಕ್ಬೇಡ. ಮಲಗುವಾಗ ಇನ್ನೊಂದು ದಿಂಬು ಇಟ್ಕೋ. ಶುಕ್ರವಾರ ಡಾಕ್ಟ್ರ ಹತ್ರ ಹೆಸರು ಬರೆಸ್ತೀನಿ."

"ಇಷ್ಟೆಲ್ಲಾ ಮಾಡಿದ್ಮೇಲೆ ಡಾಕ್ಟ್ರು ಯಾಕೆ?"

"ತೂತಾದ ದೋಣಿಯಿಂದ ನೀರು ಎತ್ತಿ ಹಾಕಿದ ಹಾಗೆ ಇದು. ಗುರುವಾರದವರೆಗೆ ಮುಳುಗದೆ ಇರ್ತೀಯ. ತೂತು ಮುಚ್ಚೋರು ಅವರು."

ನೋವು ಅರ್ಧಕ್ಕರ್ಧ ಇಳಿಯಿತು. ಆದರೆ ಚೆಸ್ಲಿಗೆ ಅರ್ಧ ಸಾಲದು. ಮಧ್ಯಾಹ್ನ ಯಾರಿಗೂ ಹೇಳದೆ ಡ್ರೂಸಿಲ್ಲಾ ಅತ್ತೆಯ ಮನೆಗೆ ಹೋದ. ಊರಿಗೆಲ್ಲ ಅತ್ತೆಯಾದ ಆಕೆಗೆ ಎಂಬತ್ತನಾಲ್ಕು ವರ್ಷ. ಹಲ್ಲುನೋವಿಗೆ ಮಂತ್ರ ಹಾಕುತ್ತಾಳೆ. ಷರತ್ತು ಎರಡು: ದುಡ್ಡು ಕೊಡಬಾರದು, ಉಪಕಾರವಾಯಿತು ಎನ್ನಬಾರದು. ಎರಡರಲ್ಲಿ ಒಂದು ತಪ್ಪಿದರೂ ನೋವು ವಾಪಸು ಬರುತ್ತದೆ. ಅತ್ತೆ ಅವನ ಕೆನ್ನೆಯ ಮೇಲೆ ಬೆರಳಾಡಿಸಿ ಏನೋ ಗೊಣಗಿದಳು. ಅವನು ಬಾಯಿ ಬಿಗಿದುಕೊಂಡು ಮನೆಗೆ ಬಂದ.

ಬುಧವಾರ ಎದ್ದರೆ ನೋವಿನ ಸುಳಿವೇ ಇಲ್ಲ!

"ಹೆಸರು ತೆಗೆಸಿಬಿಡು," ಎಂದ ಹೆಂಡತಿಗೆ. "ನಾಳೆ ನಾನು ಸಮುದ್ರಕ್ಕೆ ಹೋಗೋದು, ಹಡಗಿಗಲ್ಲ."

ಸುದ್ದಿ ಕೇಳಿ ಬರ್ನಿಸ್ ಬಂದಳು. "ನಾಯಿ ಬೊಗಳೋದು ನಿಲ್ಲಿಸ್ತು ಅಂದ್ರೆ ಕಳ್ಳ ಓಡಿಹೋದ ಅಂತಲೇ ಅಲ್ಲ ಚೆಸ್ಲಿ. ನಾಯಿ ಸತ್ತಿರಬಹುದು. ಹಲ್ಲಿನ ನರವೂ ಹಾಗೇ. ಅದು ಸತ್ರೆ ನೋವು ಹೋಗುತ್ತೆ, ಕೀವು ಒಳಗೇ ಬೆಳೆಯುತ್ತೆ."

"ನಿಂಗೆ ಡ್ರೂಸಿಲ್ಲತ್ತೆ ಕಂಡ್ರೆ ಹೊಟ್ಟೆಕಿಚ್ಚು ಕಣಮ್ಮಾ."

ಬೇರೆ ಯಾರಾದರೂ ಆಗಿದ್ದರೆ ಮೂಢನಂಬಿಕೆಯ ಮೇಲೆ ಒಂದು ಭಾಷಣ ಬಿಗಿಯುತ್ತಿದ್ದರು. ಬರ್ನಿಸ್ ಹೊರಟುಹೋದಳು. ಗೆದ್ದೆ ಎಂದುಕೊಂಡು ಚೆಸ್ಲಿ ದಡದಲ್ಲಿ ಕೂತು ಲಾಬ್‌ಸ್ಟರ್ ಹಿಡಿಯುವ ಬೋನಿಗೆ ಹಗ್ಗ ಬಿಗಿಯತೊಡಗಿದ. ಅರ್ಧ ಗಂಟೆ ಕಳೆದು ತಲೆಯೆತ್ತಿದರೆ, ಇಳಿಜಾರಿನ ದಾರಿಯಲ್ಲಿ ಬರ್ನಿಸ್‌ಳ ತೋಳು ಹಿಡಿದುಕೊಂಡು ಅತ್ತೆ ಇಳಿದು ಬರುತ್ತಿದ್ದಳು. ಹಿಂದೆ ಮೆಲ್ವೀನಾ.

"ಮಗಾ, ಬಟ್ಟೆ ತುಂಬ್ಕೊಂಡ್ಯಾ?"

"ಎಲ್ಲಿಗತ್ತೆ? ನೋವು ಹೋಯ್ತಲ್ಲ. ನಿಂಗೆ..." ಎಂದವನು ಉಳಿದ ಮಾತನ್ನು ನುಂಗಿಕೊಂಡ.

"ಮಂತ್ರಕ್ಕೆ ಮೂರನೇ ಷರತ್ತು ಹೇಳೋದು ಮರ್ತೆ. ಮುಂದಿನ ಹಡಗಲ್ಲಿ ಹೋಗಿ ಹಲ್ಲು ತೋರಿಸ್ಬೇಕು."

"ಇದ್ಯಾವಾಗಿಂದ? ನಮ್ಮಪ್ಪಂಗೆ ಹೇಳಿರಲಿಲ್ಲ!"

"ಆಗ ನಂಗೇ ಗೊತ್ತಿರ್ಲಿಲ್ಲ." ಅತ್ತೆ ಬೋರಲು ಹಾಕಿದ್ದ ಮೀನಿನ ತೊಟ್ಟಿಯ ಮೇಲೆ ಕೂತಳು. "ನನ್ನ ತಮ್ಮ ಲೀವೈಗೆ ನಾನೇ ಮಂತ್ರ ಹಾಕಿದ್ದು. ನೋವು ಹೋಯ್ತು. ಎಲ್ಲಾರೂ ಹೊಗಳಿದ್ರು, ನಾನೂ ಉಬ್ಬಿದೆ. ಹತ್ತೇ ದಿನಕ್ಕೆ ಅವನ ಮುಖ ಊದಿ, ಗಂಟಲು ಕಟ್ಕೊಳ್ತು. ಉಗುಳು ನುಂಗಕ್ಕಾಗ್ಲಿಲ್ಲ. ಹೆಲಿಕಾಪ್ಟರ್ ಬರೋ ಹೊತ್ತಿಗೆ ಮುಗಿದಿತ್ತು." ಚೆಸ್ಲಿಯ ಕೆನ್ನೆಯನ್ನು ಬೆರಳಿನಿಂದ ತಟ್ಟಿದಳು. "ನಾನು ನೋವಿಗೆ ಮಂತ್ರ ಹಾಕ್ತೀನಿ ಮಗಾ. ಹುಳುಕು ನನ್ನ ಮಾತು ಕೇಳಲ್ಲ."

ಗೋಡೆಗೆ ಪದವಿಪತ್ರ ತೂಗುಹಾಕಿಕೊಂಡವರೂ ತಮ್ಮ ವಿದ್ಯೆ ಎಲ್ಲಿಗೆ ನಿಲ್ಲುತ್ತದೆ ಎಂದು ಇಷ್ಟು ನೆಟ್ಟಗೆ ಹೇಳುವುದು ಅಪರೂಪ. ಚೆಸ್ಲಿ ಹಗ್ಗ ಕೆಳಗಿಟ್ಟ.

"ಬೋನುಗಳು?" ಎಂದ, ಕೊನೆಯ ಪ್ರಯತ್ನವಾಗಿ.

"ನಾಲ್ಕು ದಿನ ನೀರಲ್ಲಿದ್ರೆ ಬೋನಿಗೇನು ಜ್ವರ ಬರುತ್ತಾ?" ಎಂದಳು ಮೆಲ್ವೀನಾ. "ಚೀಲ ಆಗ್ಲೇ ಕಟ್ಟಿದೀನಿ. ನಾನೂ ಬರ್ತೀನಿ."

ಶುಕ್ರವಾರ ಡಾಕ್ಟರು ಎಕ್ಸ್‌ರೇ ತೋರಿಸಿದರು. ನರ ಸತ್ತಿತ್ತು, ಬೇರಿನ ತುದಿಯಲ್ಲಿ ಕಡಲೆಕಾಳಿನಷ್ಟು ಕೀವು.

"ನೋವೇ ಇರ್ಲಿಲ್ಲ ಡಾಕ್ಟ್ರೇ," ಎಂದ ಚೆಸ್ಲಿ.

"ಅದಕ್ಕೇ ಎಷ್ಟೋ ಜನ ಬರೋದೇ ಇಲ್ಲ. ತಡವಾದ್ಮೇಲೆ ಬರ್ತಾರೆ. ನಿಮ್ಮನ್ನ ಕಳಿಸಿದ್ದು ಯಾರು?"

"ನಮ್ಮೂರಲ್ಲಿ ಇಬ್ಬರಿದ್ದಾರೆ," ಎಂದ ಚೆಸ್ಲಿ. ಆ ದನಿಯಲ್ಲಿದ್ದ ಹೆಮ್ಮೆಯನ್ನು ಮೆಲ್ವೀನಾ ಆಮೇಲೆ ಇಡೀ ಊರಿಗೆ ಹೇಳಿದಳು. ಡಾಕ್ಟರು ಬೇರಿನ ಕೀವು ತೆಗೆದು, ಒಳಗೆ ಶುಚಿ ಮಾಡಿ, ಹಲ್ಲನ್ನು ಉಳಿಸಿಕೊಟ್ಟರು. ಭಾನುವಾರ ವಾಪಸು ಬರುವ ಹಡಗಿನಲ್ಲಿ ಊರು ಸೇರಿ, ಸೋಮವಾರ ಬೆಳಿಗ್ಗೆ ಗಂಡಹೆಂಡಿರಿಬ್ಬರೂ ಬೋನು ಎತ್ತಲು ಹೋದರು.

ಓದುವವರೇ, ಕೇಳುವವರೇ, ಹಲ್ಲು ನೋಯುತ್ತಿದೆಯೇ? ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ. ಕೆನ್ನೆಗೆ ತಣ್ಣನೆಯ ಬಟ್ಟೆ ಇಡಿ. ನಿಮಗೆ ಒಗ್ಗುವ ನೋವಿನ ಮಾತ್ರೆ ಯಾವುದೆಂದು ಕೇಳಿ ತಿಳಿದು, ಹೇಳಿದಷ್ಟೇ ನುಂಗಿ. ಒಸಡಿನ ಮೇಲೆ ಇಡಬೇಡಿ. ನಿಮ್ಮ ಅಜ್ಜಿಯ ಮಂತ್ರವಿದ್ದರೆ ಅದನ್ನೂ ಹಾಕಿಸಿಕೊಳ್ಳಿ, ಬೇಡವೆಂದವರು ಯಾರು! ಆದರೆ ಹಲ್ಲಿನ ಡಾಕ್ಟರ ಬಳಿಗೆ ಹೋಗಿಯೇ ಹೋಗಿ; ನೋವು ನಿಂತಿದ್ದರೂ ಹೋಗಿ. ಮುಖ ಊದಿದರೆ, ಜ್ವರ ಬಂದರೆ, ಬಾಯಿ ತೆರೆಯುವುದೋ ನುಂಗುವುದೋ ಉಸಿರಾಡುವುದೋ ಕಷ್ಟವಾದರೆ, ಯಾವ ವಾರ ಎಂದು ನೋಡದೆ ಆ ಗಳಿಗೆಯಲ್ಲೇ ದೊಡ್ಡ ಆಸ್ಪತ್ರೆಗೆ ಹೊರಡಿ. ಆಗ ಅದು ಬರೀ ಹಲ್ಲಿನ ಮಾತಾಗಿ ಉಳಿದಿರುವುದಿಲ್ಲ.