ಗೆರೆಯೊಳಗಿನ ಒರತೆ

"ಏಯ್, ನಿಮ್ಮಪ್ಪನ ಕೆರೆ ಅಂದ್ಕೊಂಡಿದ್ದೀಯೇನೇ ಇದು? ಎತ್ತೇ ಆ ಕೊಳಕನ್ನ!"

ಕೊಳಕು ಅಂದಿದ್ದು ಬಟ್ಟೆಯನ್ನೋ ನನ್ನನ್ನೋ ತಿಳಿಯಲಿಲ್ಲ. ತಿಳಿಯುವಷ್ಟರಲ್ಲಿ ಅವನ ಬೂಟುಗಾಲು ಸೋಪಿನ ಟಬ್ಬಿಗೆ ಬಿದ್ದಿತ್ತು. ಟಬ್ಬು ಮಗುಚಿ ಯಾರದೋ ಮನೆಯ ದಿಂಬಿನ ಚೀಲಗಳೆಲ್ಲ ಮಣ್ಣಿನಲ್ಲಿ ಹೊರಳಿದವು. ನಾನು ತಲೆಯ ಮೇಲೆತ್ತಿದ್ದ ಹೊದಿಕೆಯನ್ನು ಕಲ್ಲಿಗೆ ಬಡಿಯಲೂ ಆಗದೆ, ಇಳಿಸಲೂ ಆಗದೆ ನಿಂತಿದ್ದೆ. ಅದರ ನೀರು ತೋಳಿನುದ್ದಕ್ಕೂ ಇಳಿದು ಕಂಕುಳು ಸೇರುತ್ತಿತ್ತು. ಒಂದೇ ಒಂದು ಸಲ ಅದನ್ನು ಆ ಕೆನ್ನೆಗೆ ಬೀಸಿಬಿಡೋಣ ಅನಿಸಿತು. ನೆನೆದ ಹೊದಿಕೆಯ ಏಟು ತಿಂದವರಿಗೇ ಗೊತ್ತು.

ಇವನೇ ಗೆರೆ ಸಾಹೇಬ. ಹೆಸರು ನಾವಿಟ್ಟಿದ್ದು. ನಗರ ಯೋಜನೆಯ ಕಚೇರಿಯಿಂದ ಬಂದವನು. ಕೈಯಲ್ಲಿ ನಕ್ಷೆ, ಹಿಂದೆ ಸುಣ್ಣದ ಪುಡಿಯ ಬುಟ್ಟಿ ಹೊತ್ತ ಆಳು. ಕೆರೆಯ ನೀರು ಕೆಟ್ಟುಹೋಗಿದೆಯಂತೆ, ಅದನ್ನು ಕಾಪಾಡುವುದಕ್ಕೆ ಹೊಸ ನಿಯಮ ಬಂದಿದೆಯಂತೆ. ಕೆರೆಯ ಸುತ್ತ ಒಂದು ಗೆರೆ ಎಳೆಯುತ್ತಾರೆ. ಗೆರೆಯ ಒಳಗೆ ಯಾರೂ ಒಗೆಯಬಾರದು, ಅಗೆಯಬಾರದು, ಬದುಕಬಾರದು. ಅವನು ಹೇಳಿದ್ದು 'ವಾಸ ಮಾಡಬಾರದು' ಅಂತ. ನಮಗೆ ಎರಡೂ ಒಂದೇ.

ಸುಣ್ಣದ ಗೆರೆ ನಮ್ಮ ಗುಡಿಸಲುಗಳ ಬೆನ್ನಿಗೆ ಹೋಗಿ, ನಮ್ಮ ಒಲೆಗಳನ್ನೂ ಒಗೆಯುವ ಕಲ್ಲುಗಳನ್ನೂ ಒಳಗೆ ಹಾಕಿಕೊಂಡು ನೆಟ್ಟಗೆ ಸಾಗಿತು. ಆಚೆ ದಡದಲ್ಲಿ ಕಾಲನಿಯ ಕ್ಲಬ್ಬಿನ ಕಟ್ಟಡ ನೀರಿಗೇ ಕಾಲು ಇಳಿಬಿಟ್ಟು ಕೂತಿದೆ. ಅಲ್ಲಿಗೆ ಬಂದಾಗ ಮಾತ್ರ ಗೆರೆ ಕಟ್ಟಡವನ್ನು ಹೊರಗೆ ಬಿಟ್ಟು, ಸೊಂಟ ಬಳುಕಿಸಿ ಕೆರೆಯ ಕಡೆಗೆ ಸರಿದುಕೊಂಡಿತು. ಸುಣ್ಣ ಹಾಕುವ ಆಳು ಒಂದು ಕಾಲು ನೀರಲ್ಲಿ, ಒಂದು ಕಾಲು ದಡದಲ್ಲಿ ಇಟ್ಟು ವಾರೆಯಾಗಿ ನಡೆಯುವುದನ್ನು ನೋಡಿ ನನ್ನ ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

"ನೋಡೇ, ದೊಡ್ಡೋರ ಮನೆ ಹತ್ರ ಬಂದ್ರೆ ಗೆರೆಗೂ ನಾಚ್ಕೆ."

ಅತ್ತೆಯ ನಾಲಿಗೆಯೇ ಹಾಗೆ. ಮೈಯಲ್ಲಿ ಮಾಂಸ ಇರಲಿಲ್ಲ, ಇದ್ದಬದ್ದ ಶಕ್ತಿಯೆಲ್ಲ ಬಾಯಿಗೆ ಹೋಗಿತ್ತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕೆರೆಯ ನೀರಲ್ಲಿ ನಾವು ಒಗೆಯುತ್ತಲೇ ಇರಲಿಲ್ಲ. ಕಾಲನಿ ಎದ್ದ ಮೇಲೆ ಅದರ ಕಕ್ಕಸಿನ ಪೈಪು ಕ್ಲಬ್ಬಿನ ಅಡಿಯಿಂದ ಬಂದು ಕೆರೆಗೆ ಬಾಯಿಟ್ಟಿತು. ಅಂದಿನಿಂದ ಆ ನೀರಿಗೆ ಅದ್ದಿದ ಬಿಳಿ ಬಟ್ಟೆ ಬೂದಿ ಬಣ್ಣವಾಗುತ್ತಿತ್ತು. ನಾನು ಸೊಸೆಯಾಗಿ ಬಂದ ವರ್ಷ ಅತ್ತೆ ದಡದ ಮರಳಿನಲ್ಲಿ, ನಮ್ಮ ಕಲ್ಲಿನ ಪಕ್ಕದಲ್ಲಿ, ಬರಿಗೈಯಲ್ಲಿ ಒರತೆ ತೋಡಿದಳು. ಮರಳಿನಲ್ಲಿ ಸೋಸಿಕೊಂಡು ನೀರು ತಣ್ಣಗೆ ಮೇಲೆ ಬಂತು. ಮೊದಲ ಬೊಗಸೆ ನನಗೆ ಕುಡಿಸಿದಳು. ತವರು ಬಿಟ್ಟು ಬಂದು ಅಳುತ್ತಾ ಕೂತಿದ್ದವಳಿಗೆ ಆ ಮನೆಯಲ್ಲಿ ಸಿಕ್ಕಿದ ಮೊದಲ ಪ್ರೀತಿ ಅದು. ಆಮೇಲೆ ಅವಳನ್ನು ನೋಡಿ ಉಳಿದವರೂ ತಮ್ಮ ತಮ್ಮ ಕಲ್ಲಿನ ಹತ್ತಿರ ತೋಡಿಕೊಂಡರು. ಒಗೆದ ನೀರನ್ನು ಕೆರೆಗೆ ಬಿಡದೆ ಹಿಂದಿನ ಜೊಂಡಿನ ಕಡೆಗೆ ಕಾಲುವೆ ಮಾಡಿ ಹರಿಸುತ್ತಿದ್ದೆವು.

ಬೆಳಗ್ಗೆ ಕೆಲಸ ಶುರುವಾಗುತ್ತಿದ್ದದ್ದು ಅತ್ತೆಯಿಂದ. ರಾತ್ರಿ ನಿಂತ ನೀರನ್ನು ಒರತೆಯಿಂದ ಮೊಗೆದು ಚೆಲ್ಲುವಳು. ತಳದ ಹೂಳು ಬಳಿಯುವಳು. ಹೊಸ ನೀರು ತಿಳಿಯಾಗುವ ತನಕ ಕುಕ್ಕರುಗಾಲಲ್ಲಿ ಕಾಯುವಳು. ಆಮೇಲೆ ಒಂದು ಗುಟುಕು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಕೆನ್ನೆಯೊಳಗೆ ಆಡಿಸಿ ನುಂಗಿ, "ಆಗುತ್ತೆ" ಅನ್ನುವಳು. ಅವಳು ಆಗುತ್ತೆ ಅನ್ನುವ ತನಕ ದಡದ ಒಂದು ಕಲ್ಲಿನ ಮೇಲೂ ಬಟ್ಟೆ ಬೀಳುತ್ತಿರಲಿಲ್ಲ. ಬಾಯಿಗೆ ಆಗದ ನೀರು ಬಟ್ಟೆಗೂ ಆಗಲ್ಲ ಅನ್ನುವುದು ಅವಳ ಮಾತು.

*

ಆಕ್ಷೇಪಣೆ ಇದ್ದವರು ಕಚೇರಿಗೆ ಬಂದು ಹೇಳಿಕೊಳ್ಳಬಹುದು ಅಂತ ಆಟೋದಲ್ಲಿ ಮೈಕು ಕಟ್ಟಿ ಕೂಗಿಸಿದರು. ನಾನು, ಅತ್ತೆ, ನನ್ನ ಗಂಡ ಹೋದೆವು. ಗಂಡ ಇಸ್ತ್ರಿ ಗಾಡಿಯವನು. ಕೆಂಡದ ಜೊತೆ ಬದುಕಿದರೂ ಮೈಯಲ್ಲಿ ಬಿಸಿ ಇಲ್ಲ ಅಂತ ಅವನ ಅಮ್ಮನೇ ಛೇಡಿಸುತ್ತಿದ್ದಳು. ಅಂಥ ಸಾಧು.

ಕಾಲನಿಯ ಅಧ್ಯಕ್ಷ ಆಗಲೇ ಬಂದು ಕುರ್ಚಿಯಲ್ಲಿ ಕೂತಿದ್ದ. ಮುಂದೆ ಚಹಾ. ನಾವು ಒಳಗೆ ಕಾಲಿಡುತ್ತಿದ್ದಂತೆ ಮೂಗಿಗೆ ಕರವಸ್ತ್ರ ಹಿಡಿದ. ಅದರ ಮೂಲೆಯಲ್ಲಿ, ಯಾವ ಮನೆಯದು ಅಂತ ತಿಳಿಯಲು ನಾನು ಹೊಲಿಯುವ ಕೆಂಪು ದಾರದ ಗುರುತು ಇತ್ತು. ನಾನೇ ಒಗೆದು, ನೀಲಿ ಹಾಕಿ, ಮಡಿಸಿ ಕೊಟ್ಟಿದ್ದ ಕರವಸ್ತ್ರ.

"ಅಲ್ಲೇ ನಿಂತ್ಕೊಳ್ಳಿ, ಬಾಗ್ಲಲ್ಲೇ" ಅಂದ ಗೆರೆ ಸಾಹೇಬ. "ನೆಲ ಒದ್ದೆ ಆಗುತ್ತೆ."

ಅಧ್ಯಕ್ಷ ಶುರು ಮಾಡಿದ. "ನೋಡಿ ಸಾರ್, ಕೆರೆ ಅನ್ನೋದು ನಮ್ಮ ಮಕ್ಕಳ ಭವಿಷ್ಯ. ಇವರ ಸೋಪಿನ ನೊರೆಯಿಂದ ಮೀನೆಲ್ಲ ಸತ್ವು. ಸಂಜೆ ಬಾಲ್ಕನಿಗೆ ಬಂದ್ರೆ ವಾಸನೆ ತಡೆಯೋಕಾಗಲ್ಲ."

"ಸ್ವಾಮೀ" ಅಂದಳು ಅತ್ತೆ, ಬಾಗಿಲಿನಿಂದಲೇ. "ಆ ವಾಸನೆ ಸೋಪಿಂದಲ್ಲ. ನಿಮ್ಮ ಕಾಲನಿ ಹೇಲೆಲ್ಲ ಪೈಪಲ್ಲಿ ಕೆರೆಗೆ ಬೀಳುತ್ತಲ್ಲ, ಅದರ ಮಾತು ಎತ್ತೋರು ಯಾರು?"

ಗೆರೆ ಸಾಹೇಬ ಮೇಜಿನ ಮೇಲೆ ನಕ್ಷೆ ಹರಡಿ ಬೆರಳಿನಿಂದ ಕುಟ್ಟಿದ.

"ಎಲ್ಲಿದೆ ಪೈಪು? ತೋರ್ಸು. ಇಲ್ಲಿ ಇಲ್ಲ. ನಕ್ಷೆಯಲ್ಲಿ ಇಲ್ಲ ಅಂದ್ರೆ ಇಲ್ಲ."

"ಕಾಗದ ಮೂಸಿ ನೋಡಿದ್ರೆ ಹೆಂಗೆ ಗೊತ್ತಾಗುತ್ತೆ ಸಾಹೇಬ್ರೇ? ಕೆರೆ ಹತ್ರ ಬಂದು ಮೂಸಿ."

"ಮುದುಕೀ, ನಾಲ್ಗೆ ಬಿಗಿ ಹಿಡಿ! ನೀವೂ ಈ ನಕ್ಷೆಯಲ್ಲಿ ಇಲ್ಲ, ತಿಳೀತಾ? ಅಲ್ಲಿ ಗುಡಿಸಲೇ ಇಲ್ಲ. ಇಲ್ಲದವರಿಗೆ ಬದಲಿ ರೂಮು ಕೊಡ್ತಿರೋದೇ ದೊಡ್ಡದು."

ಗಂಡ ಅತ್ತೆಯ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದ. ನಕ್ಷೆಯಲ್ಲಿ ಇಲ್ಲದ ಪೈಪು ಹಾಯಾಗಿ ಹರಿಯಬಹುದು, ನಕ್ಷೆಯಲ್ಲಿ ಇಲ್ಲದ ನಾವು ಎದ್ದು ಹೋಗಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂತ ಕೇಳಿದ್ದೆ. ಬರೆ ಹಾಕಿಸಿಕೊಂಡ ಎಮ್ಮೆಯ ಸಂಕಟ ಅವತ್ತು ತಿಳಿಯಿತು.

*

ಗುಡಿಸಲು ಕೆಡವುವ ಯಂತ್ರ ಬಂದ ದಿನ ಅತ್ತೆ ಒರತೆಯೊಳಗೆ ಎರಡೂ ಕಾಲು ಇಳಿಬಿಟ್ಟು ಕೂತುಬಿಟ್ಟಳು. ಕಲ್ಲುಗಳು ಒಂದೊಂದೇ ಒಡೆಯುತ್ತಾ ಬಂದವು. ತಲೆಮಾರುಗಳ ಬಡಿತಕ್ಕೆ ನಡು ಸವೆದಿದ್ದ ಕಲ್ಲುಗಳು ಅವು, ಅಲ್ಲಿಗೇ ಸರಿಯಾಗಿ ಎರಡಾದವು.

"ಏಳಮ್ಮ, ನಾನೇನ್ ಮಾಡ್ಲಿ, ನಂದೂ ಹೊಟ್ಟೆಪಾಡು" ಅಂದ ಯಂತ್ರದವನು. ಅವನ ಕಣ್ಣಲ್ಲೂ ನೀರಿತ್ತು, ಸುಳ್ಳು ಯಾಕೆ ಹೇಳಲಿ.

"ನಿನ್ನನ್ನ ಅಂತಿಲ್ಲ ಕಣಪ್ಪ. ನಿನ್ನ ಕಳಿಸಿದ ಬೋಳಿಮಕ್ಕಳನ್ನ ಬರೋಕೆ ಹೇಳು. ಇದ್ರ ನೀರು ಒಂದು ಗುಟುಕು ಕುಡೀಲಿ. ಕೆಟ್ಟಿದೆ ಅಂದ್ರೆ ನನ್ನನ್ನೂ ಇದ್ರಲ್ಲೇ ಹೂತು ಹೋಗ್ಲಿ."

ಯಾರೂ ಬರಲಿಲ್ಲ. ಇಬ್ಬರು ಹೆಂಗಸು ಪೊಲೀಸರು ಬಂದು ಕಂಕುಳಿಗೆ ಕೈಹಾಕಿ ಎತ್ತಿದರು. ಒದ್ದೆ ಬಟ್ಟೆಯ ಗಂಟಿಗಿಂತ ಹಗುರವಾಗಿದ್ದಳು. ಅವಳ ಕಾಲಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಆಗಲೇ ಹಿಂದೆ ಒರತೆಗೆ ಇಟ್ಟಿಗೆ ಚೂರು ಸುರಿಯುತ್ತಿದ್ದರು. ನಾನು ಕೂಗಾಡಿದೆ, ಬೈದೆ, ಮಣ್ಣು ಎರಚಿದೆ. ಏನೂ ಆಗಲಿಲ್ಲ.

ಬದಲಿ ರೂಮು ಊರಾಚೆ, ಮೂರನೇ ಮಹಡಿ. ನಲ್ಲಿ ತಿರುಗಿಸಿದರೆ ನೀರು ಬರುವುದಿಲ್ಲ, ಬುಸ್ಸೆಂದು ಉಸಿರು ಬಿಡುತ್ತದೆ. ಟ್ಯಾಂಕರಿನ ನೀರನ್ನು ಹೊತ್ತು ಹತ್ತಿಸಿ, ತಾರಸಿಯ ಮೇಲೆ ಒಗೆಯುತ್ತಿದ್ದೆ. ದೂರ ಆಯಿತು ಅಂತ ಅರ್ಧ ಮನೆಗಳವರು ಬಟ್ಟೆ ಕೊಡುವುದು ಬಿಟ್ಟರು. ಇಸ್ತ್ರಿ ಗಾಡಿ ಮೂಲೆಗೆ ಬಿತ್ತು. ಗಂಡ ಕೂಲಿ ಹುಡುಕಿ ಹೋದವನು ಎಲ್ಲಿಗೆ ಹೋದ ಅಂತೀರಿ? ಅದೇ ಕೆರೆಗೆ. ಗೆರೆಯ ಒಳಗೆ ವಾಕಿಂಗ್ ಮಾಡುವವರಿಗೆ ಹಾಸುಗಲ್ಲಿನ ದಾರಿ ಹಾಕುತ್ತಿದ್ದರು. ಸಿಮೆಂಟು ಕಲೆಸುವ ಕೆಲಸ ಅವನಿಗೆ ಸಿಕ್ಕಿತ್ತು.

ಒಂದು ಸಂಜೆ ಬಂದವನು ಊಟಕ್ಕೆ ಕೂರದೆ ಗೋಡೆ ನೋಡುತ್ತಾ ನಿಂತ.

"ಇವತ್ತು ಅಮ್ಮನ ಒರತೆ ಮೇಲೆ ಹಾಸಿದ್ವಿ ಕಣೇ."

"ಥೂ, ನಿನ್ನ ಜನ್ಮಕ್ಕಿಷ್ಟು! ಹೆತ್ತೋಳ ಬಾಯಿಗೆ ಮಣ್ಣು ಹಾಕಿ ಬಂದ್ಯಾ?"

"ಸಿಮೆಂಟು ಹಾಕ್ಲಿಲ್ಲ" ಅಂದ, ಪಿಸುಮಾತಿನಲ್ಲಿ. "ಮೇಸ್ತ್ರಿ ಬೀಡಿ ಸೇದೋಕೆ ಹೋಗಿದ್ದ. ಇಟ್ಟಿಗೆ ಚೂರು ತೆಗ್ದು ಆಚೆ ಎಸ್ದೆ. ಅಲ್ಲಿ ನಾಕು ಕಲ್ಲು ಸುಮ್ನೆ ಇಟ್ಟಿದ್ದೀನಿ. ಕೈ ಬರ್ಲಿಲ್ಲ ಕಣೇ."

ಆಮೇಲೆ ಅವನು ಗೋಡೆಗೆ ಹಣೆ ಹಚ್ಚಿ ಅತ್ತ. ನಾನು ಅವನ ಕೈ ತೊಳೆದು ಊಟಕ್ಕೆ ಕೂರಿಸಿದೆ.

*

ಅತ್ತೆ ಹಾಸಿಗೆ ಹಿಡಿದಳು. ಅನ್ನ ಬಿಟ್ಟಳು, ಸರಿ. ನೀರೂ ಬಿಟ್ಟಳು. ಟ್ಯಾಂಕರಿನ ನೀರು ಬಾಯಿಗೆ ಹಾಕಿದರೆ ಕೆನ್ನೆಯೊಳಗೆ ಆಡಿಸಿ ಉಗಿಯುವಳು. ಅಂಗಡಿಯ ಬಾಟಲಿ ನೀರನ್ನೂ ಉಗಿದಳು.

"ಆಗಲ್ಲ" ಅನ್ನುವಳು. "ನಮ್ದು ತಾರೇ."

ಕಾಂಪೌಂಡರು ನಾಡಿ ನೋಡಿ, ಇನ್ನೇನಿಲ್ಲ, ಬಾಯಿಗೆ ನೀರು ಬಿಡ್ತಾ ಇರಿ ಅಂತ ಹೇಳಿ ಹೋದ.

ಬಾಟಲಿ ಹಿಡಿದು ಕೆರೆಗೆ ಹೋದೆ. ಈಗ ಸುತ್ತ ಕಬ್ಬಿಣದ ಬೇಲಿ, ಒಂದು ಗೇಟು, ಗೇಟಿಗೆ ಒಬ್ಬ ಕಾವಲುಗಾರ.

"ಬಾಟ್ಲಿ ತಗೊಂಡು ಒಳಗೆ ಬಿಡಲ್ಲ. ನೀರು ತುಂಬೋ ಹಂಗಿಲ್ಲ. ಕೆರೆ ರಕ್ಷಣೆ."

"ಅಣ್ಣಾ, ಸಾಯೋ ಮುದುಕಿಗೆ ಕಣಣ್ಣಾ. ಒಂದೇ ಬಾಟ್ಲಿ."

"ನನ್ನ ಕೆಲ್ಸ ಕಳೀಬೇಡ ತಾಯಿ, ಹೋಗು" ಅಂದ. ಬೇಲಿಯ ಸಂದಿಯಿಂದ ನೋಡಿದೆ. ಆಚೆ ದಡದಲ್ಲಿ ಪೈಪು ಎಂದಿನಂತೆ ಕಕ್ಕುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು.

ಮರುದಿನ ಅಧ್ಯಕ್ಷನ ಡ್ರೈವರು ಬಟ್ಟೆಯ ಗಂಟು ತಂದು ಹಾಕಿದ. ಕೆರೆಯ ದಾರಿಯ ಉದ್ಘಾಟನೆಯಂತೆ. ವೇದಿಕೆಯ ಮೇಜಿಗೆ ಹಾಸುವ ದೊಡ್ಡ ಬಿಳಿ ಬಟ್ಟೆ.

"ಹಾಲಿನ ಥರ ಬಿಳಿ ಇರ್ಬೇಕಂತೆ. ನಿನ್ನ ಬಿಟ್ರೆ ಬೇರೆಯವರ ಕೈಲಿ ಆ ಬಿಳುಪು ಬರಲ್ಲ ಅಂದ್ರು ನಮ್ಮ ಅಧ್ಯಕ್ಷರು. ಬೆಳಗ್ಗೆ ನೀನೇ ತಂದು ಹಾಸಿ ಹೋಗ್ಬೇಕು."

ಒಗೆದೆ. ಹಾಲಿನ ಥರವೇ ಒಗೆದೆ. ಗಂಡ ಮೂಲೆಯ ಗಾಡಿ ಎಳೆದು ಕೆಂಡ ಮಾಡಿ ಇಸ್ತ್ರಿ ಹಾಕಿದ. ಬೆಳಗ್ಗೆ ಅತ್ತೆಯ ಬಳಿ ಪಕ್ಕದ ಮನೆಯವಳನ್ನು ಕೂರಿಸಿ ಇಬ್ಬರೂ ಗಾಡಿ ತಳ್ಳಿಕೊಂಡು ಹೊರಟೆವು. ಅವನನ್ನು ಗೇಟಿನ ಹೊರಗೆ ನಿಲ್ಲಿಸಿದೆ. ನನಗೆ ತೆರೆಯದ ಗೇಟು ಬಟ್ಟೆಗೆ ತೆರೆಯಿತು.

ಹಾಸುಗಲ್ಲಿನ ದಾರಿ ಒಣಗಿ ಬೆಳ್ಳಗಿತ್ತು. ವೇದಿಕೆಗೆ ಸ್ವಲ್ಪ ಈಚೆ ಮಾತ್ರ ಒದ್ದೆ. ಅಲ್ಲೊಂದು ಹಳದಿ ಬೋರ್ಡು ನಿಲ್ಲಿಸಿದ್ದರು: 'ಜಾರುತ್ತದೆ, ಎಚ್ಚರಿಕೆ.' ಅತ್ತೆಯ ಒರತೆ ಇದ್ದ ಜಾಗ ಅದೇ. ಬೋರ್ಡನ್ನು ಬದಿಗಿಟ್ಟೆ. ಕುಕ್ಕರುಗಾಲಲ್ಲಿ ಕೂತು ಒಂದು ಕಲ್ಲಿನ ಸಂದಿಗೆ ಬೆರಳು ಹಾಕಿದೆ. ಗಂಡ ಸುಳ್ಳು ಹೇಳಿರಲಿಲ್ಲ. ನಾಲ್ಕೂ ಎದ್ದು ಬಂದವು. ಕೆಳಗೆ ನೀರು ಇತ್ತು.

ಅಂಗೈಯಲ್ಲಿ ಬಳಿದು ಚೆಲ್ಲಿದೆ. ಹೂಳು ತೆಗೆದೆ. ಸೂಟು ಹಾಕಿದವರು ನಿಂತು ನೋಡತೊಡಗಿದರು, ಯಾರೋ ಕೆಲಸದವಳು ಅಂದುಕೊಂಡರೇನೋ. ಅವಸರ ಮಾಡಬಾರದು, ತಿಳಿಯಾಗಬೇಕು. ಕಾದೆ. ಒಂದು ಗುಟುಕು ಬಾಯಿಗೆ ಹಾಕಿಕೊಂಡೆ. ತಣ್ಣಗೆ, ಹಾಗೇ ಇತ್ತು. ಕೈಯಲ್ಲಿ ಪಾತ್ರೆ ಇರಲಿಲ್ಲ. ಬಿಳಿ ಬಟ್ಟೆಯನ್ನು ಮಡಿಕೆ ಬಿಚ್ಚದೆ ಹಾಗೇ ಒರತೆಗೆ ಇಳಿಸಿ, ತುಂಬಿಕೊಳ್ಳುವ ತನಕ ಒತ್ತಿ ಹಿಡಿದೆ.

"ಏಯ್! ಏನ್ ಮಾಡ್ತಿದ್ದೀಯೇ ಮುಂಡೇದೇ!" ಅಧ್ಯಕ್ಷ ಓಡಿ ಬಂದ. "ಮುಖ್ಯ ಅತಿಥಿ ಬರೋ ಹೊತ್ತು! ಟೇಬಲ್ ಬಟ್ಟೆ ಅದು!"

"ಗೊತ್ತು ಸ್ವಾಮಿ. ನಾನೇ ಒಗ್ದಿದ್ದು."

ಗೆರೆ ಸಾಹೇಬ ಅಡ್ಡ ಬಂದ. "ಇಡು ಅದನ್ನ. ಗೆರೆ ಒಳಗಿನ ನೀರು ಮುಟ್ಟೋ ಹಾಗಿಲ್ಲ. ಕೇಸ್ ಆಗುತ್ತೆ!"

"ಮುಟ್ಟಾಯ್ತು. ಏನ್ ಕಿತ್ಕೊಳ್ತೀಯೋ ಕಿತ್ಕೋ."

ಭಾರವಾದ ಬಟ್ಟೆಯನ್ನು ಎದೆಗೆ ಅವುಚಿಕೊಂಡು ನಡೆದೆ. ಅವನು ಕೈ ಚಾಚಿದ, ತನ್ನ ಅಂಗಿಗೆ ಕೆಸರಾಗುವುದೆಂದು ಹಿಂದಕ್ಕೆ ಎಳೆದುಕೊಂಡ. ಕಾವಲುಗಾರ ಆಕಾಶ ನೋಡುತ್ತಾ ನಿಂತುಬಿಟ್ಟ. ಹೊರಗೆ ಗಂಡ, ಮಳೆಗೆ ಬಟ್ಟೆ ಮುಚ್ಚುವ ಪ್ಲಾಸ್ಟಿಕ್ ಹಾಳೆ ಬಿಚ್ಚಿ ಹಿಡಿದಿದ್ದ. ಸುತ್ತಿ ಗಾಡಿಯಲ್ಲಿಟ್ಟೆವು. ಅವನು ಹಾಗೆ ಓಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಮೂರು ಮಹಡಿ ಹತ್ತಿದೆ. ಅತ್ತೆಗೆ ಮೇಲುಸಿರು ಹತ್ತಿತ್ತು. ಕಣ್ಣು ಅರ್ಧ ತೆರೆದಿತ್ತು. ಹಾಳೆ ಬಿಚ್ಚಿ, ಒಳಮಡಿಕೆಯ ಒಂದು ತುದಿಯನ್ನು ಅವಳ ತುಟಿಯ ಮೇಲೆ ಹಿಡಿದು ಮೆಲ್ಲಗೆ ಹಿಂಡಿದೆ. ಬಟ್ಟೆಯಲ್ಲಿ ಸೋಸಿ ತಿಳಿಯಾದ ನೀರು ಎಳೆಯಾಗಿ ಬಾಯೊಳಗೆ ಇಳಿಯಿತು.

ಉಗಿಯಲಿಲ್ಲ. ಕೆನ್ನೆ ಅಲುಗಾಡಿತು. ಕಣ್ಣು ಮುಚ್ಚಿತು. ನಾನೂ ಗಂಡನೂ ದಡದ ಮೇಲೆ ಬೆಳಗ್ಗೆ ಕಾಯುತ್ತಿದ್ದ ಹಾಗೇ ಕಾದೆವು. ಗಂಟಲು ಒಮ್ಮೆ ಏರಿ ಇಳಿಯಿತು.

"ಆಗುತ್ತೆ" ಅಂದಳು.

ಇನ್ನೊಂದು ಸಲ ಹಿಂಡಿದೆ. ಆ ನೀರು ಒಳಗೆ ಹೋಗಲಿಲ್ಲ. ಬಾಯಿಯ ಅಂಚಿನಿಂದ ಕಿವಿಯ ಕಡೆಗೆ ಹರಿದು ದಿಂಬು ಸೇರಿತು.

ಕೆಳಗೆ ಜೀಪು ನಿಂತ ಸದ್ದಾಯಿತು. "ಆ ಬಟ್ಟೆಯವಳ ರೂಮು ಯಾವುದು?" ಅಂತ ಯಾರೋ ಕೇಳಿದರು. ಬೂಟುಗಳು ಮೆಟ್ಟಿಲು ಹತ್ತತೊಡಗಿದವು. ನನ್ನ ಗಂಡ, ಆ ಸಾಧು, ಎದ್ದು ಹೋಗಿ ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತ.

"ನೀನು ನೀರು ಬಿಡ್ತಾ ಇರು" ಅಂದ.

ನಾನು ಇನ್ನೊಂದು ಮಡಿಕೆ ಬಿಚ್ಚಿ ಹಿಂಡಿದೆ.